ಕ್ಷಮೆ ಸಿಕ್ಕಿತು, ನಲವತ್ತು ಸಾವಿರ ಸಿಗಲಿಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಕುಟುಂಬ. ನನ್ನ ತಾಯಿ ಖಡಕ್ ರೊಟ್ಟಿ ಬಡಿದು ಮಾರುತ್ತಾರೆ. ನಮ್ಮ ಚರ್ಚಿನ ಸಭೆಯ ಮಹಿಳೆಯರ ಉಳಿತಾಯ ಗುಂಪಿನಲ್ಲಿ ವಾರವಾರ ಕಟ್ಟಿದ್ದ ಅವರ 40,000 ರೂಪಾಯಿಯನ್ನು, ಲೆಕ್ಕ ನೋಡಿಕೊಳ್ಳುತ್ತಿದ್ದ ಸಭಾಹಿರಿಯರೊಬ್ಬರು ಸ್ವಂತಕ್ಕೆ ಬಳಸಿಕೊಂಡರು. ವಿಷಯ ಹೊರಗೆ ಬಂದ ಮೇಲೆ ಒಂದು ಭಾನುವಾರ ಅವರು ಎಲ್ಲರ ಮುಂದೆ ಅತ್ತು, ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದರು. ಸಭಾಪಾಲಕರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಸಭೆ ಚಪ್ಪಾಳೆ ತಟ್ಟಿತು. ಒಂದೂವರೆ ವರ್ಷವಾಯಿತು, ಒಂದು ರೂಪಾಯಿಯೂ ಹಿಂದೆ ಬಂದಿಲ್ಲ. ತಾಯಿ ಕೇಳಿದರೆ ಆ ಹಿರಿಯರು 'ಎಪ್ಪತ್ತು ಸಲ ಏಳರಷ್ಟು ಕ್ಷಮಿಸಬೇಕಮ್ಮಾ' ಎನ್ನುತ್ತಾರೆ. ತಾಯಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ಸಭೆ ಒಟ್ಟಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಹೋಗುವುದನ್ನೇ ಬಿಟ್ಟಿದ್ದಾರೆ. ಇತ್ತ ನನ್ನ ಸಹೋದ್ಯೋಗಿಯೊಬ್ಬರು 'ಯೇಸುವನ್ನು ನಂಬದವನ ನೀತಿಗೆ ಬುಡವೇ ಇಲ್ಲ' ಎಂದು ವಾದಿಸುತ್ತಾರೆ. ನಂಬಿಕೆಗೂ ನೀತಿಗೂ ನಿಜವಾಗಿ ಏನಾದರೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಧಾರವಾಡದಲ್ಲಿ ಕ್ರೈಸ್ತ ನೀತಿಶಾಸ್ತ್ರವನ್ನು ಬಹಳ ವರ್ಷ ಕಲಿಸಿದವನು ನಾನು. ಹುಟ್ಟಿ ಬೆಳೆದದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆಯಲ್ಲಿ. ಆದ್ದರಿಂದ ಹೊರಗೆ ನಿಂತು ತೀರ್ಪು ಹೇಳುವವನ ಸ್ಥಾನ ನನ್ನದಲ್ಲ. ನಿಮ್ಮ ತಾಯಿಗೆ ಆದದ್ದು ಅನ್ಯಾಯ. ಆ ಭಾನುವಾರ ನಡೆದದ್ದಕ್ಕೆ ಕ್ಷಮೆ ಎಂಬ ಹೆಸರನ್ನು ನಾನು ಕೊಡಲಾರೆ. ಹೀಗೆ ಹೇಳುವುದಕ್ಕೆ ನಾನು ಬೈಬಲ್ ಬಿಟ್ಟು ಬೇರೆಲ್ಲಿಗೂ ಹೋಗಬೇಕಾಗಿಲ್ಲ.

ಮೊದಲು ನಿಮ್ಮ ಸಹೋದ್ಯೋಗಿಯ ಮಾತನ್ನು ನೋಡೋಣ, ಅದು ಬೇಗ ಮುಗಿಯುತ್ತದೆ. ಯೇಸುವಿನ ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ಮೋಶೆಯ ಧರ್ಮಶಾಸ್ತ್ರವಿಲ್ಲದ ಅನ್ಯಜನರೂ ಸ್ವಾಭಾವಿಕವಾಗಿ ಅದರಲ್ಲಿ ಹೇಳಿದಂತೆ ನಡೆಯುತ್ತಾರೆ, ಅದರ ಮುಖ್ಯ ಸಾರ ಅವರ ಹೃದಯದಲ್ಲಿ ಬರೆದಿದೆ, ಅವರ ಮನಸ್ಸಾಕ್ಷಿಯೇ ಸಾಕ್ಷಿ ಹೇಳುತ್ತದೆ ಎನ್ನುತ್ತಾನೆ. ಹದಿಮೂರನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನೇ ಬೆಳೆಸಿ, ಒಳಿತು ಕೆಡುಕಿನ ಮೂಲ ಅರಿವು ಮನುಷ್ಯನ ಬುದ್ಧಿಗೆ ಸಹಜವಾಗಿ ದಕ್ಕುತ್ತದೆ ಎಂದು ವಾದಿಸಿದ. ಅಂದರೆ, ನಂಬದವನಿಗೆ ನೀತಿ ಗೊತ್ತೇ ಆಗದು ಎಂಬುದು ಕ್ರೈಸ್ತ ಧರ್ಮದ ಮುಖ್ಯ ಪರಂಪರೆಯ ಮಾತಲ್ಲ. ದೇವರು ಹೇಳಿದ್ದರಿಂದಲೇ ಒಳ್ಳೆಯದು ಒಳ್ಳೆಯದಾಯಿತೋ, ಒಳ್ಳೆಯದಾಗಿರುವುದರಿಂದ ದೇವರು ಅದನ್ನು ಹೇಳಿದನೋ ಎಂಬುದು ಪ್ಲೇಟೋ ಎತ್ತಿದ ಹಳೆಯ ಪ್ರಶ್ನೆ. ದೇವರ ಸ್ವಭಾವವೇ ಒಳಿತು, ಅವನ ಆಜ್ಞೆ ಆ ಸ್ವಭಾವದಿಂದ ಹೊರಡುತ್ತದೆ ಎಂದು ಬಹುಪಾಲು ಕ್ರೈಸ್ತ ಚಿಂತಕರು ಉತ್ತರಿಸಿದ್ದಾರೆ. ನಿಮ್ಮ ಸಹೋದ್ಯೋಗಿ 'ಬುಡ' ಎಂದದ್ದು ಈ ಅರ್ಥದಲ್ಲಾದರೆ ಅದು ಚರ್ಚೆಗೆ ಯೋಗ್ಯವಾದ ಮಾತು. ನಂಬದ ನೆರೆಯವನು ಒಳ್ಳೆಯವನಾಗಿರಲಾರ ಎಂಬ ಅರ್ಥದಲ್ಲಾದರೆ ಪೌಲನೇ ಅವರಿಗೆ ಎದುರು ನಿಲ್ಲುತ್ತಾನೆ. ಅಲ್ಲದೆ ನಮ್ಮ ಭಾಗದ ಮಕ್ಕಳು ಹತ್ತು ಆಜ್ಞೆಗಳನ್ನು ಕೇಳುವ ಮೊದಲೇ 'ಕಳಬೇಡ' ಎಂಬುದನ್ನು ಬಸವಣ್ಣನವರಿಂದ ಕಲಿತಿರುತ್ತಾರೆ.

ಬೆಟಗೇರಿಯಲ್ಲಿದ್ದ ನನ್ನ ಅಜ್ಜಿಯ ನೆನಪಾಗುತ್ತದೆ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ನಮ್ಮ ಅಜ್ಜಿಯ ಮನೆತನ ಆ ಬೆಟಗೇರಿ ಸಭೆಯದು. ಮನೆಯಲ್ಲಿ ಕೈಮಗ್ಗ, ಅಕ್ಕಪಕ್ಕದಲ್ಲಿ ದೇವಾಂಗದವರ ಮಗ್ಗಗಳು. ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ಶನಿವಾರ ಸಂಜೆ ಅಜ್ಜಿ ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದಳು. ಆ ತಿಂಗಳು ಯಾರ ಮನೆಯಿಂದ ಏನು ಕೈಗಡ ತಂದಿದ್ದಳೋ ಅದನ್ನೆಲ್ಲ ಬೆರಳು ಮಡಿಚಿ ಎಣಿಸಿ ಹಿಂದಿರುಗಿಸುವುದು. ಪಕ್ಕದ ಮನೆಯಿಂದ ತಂದ ಸೇರು ಜೋಳದ ಹಿಟ್ಟನ್ನು ಸೇರಿನಲ್ಲೇ ಅಳೆದು, ಅಂಗೈಯಿಂದ ಮೇಲ್ಭಾಗ ಸವರಿ ಸಮ ಮಾಡಿ, ಆಮೇಲೆ ಇನ್ನೊಂದು ಹಿಡಿ ಹಿಟ್ಟನ್ನು ಮೇಲೆ ಸುರಿಯುತ್ತಿದ್ದಳು. ಆ ಹಿಡಿ ಗೋಪುರದಂತೆ ನಿಲ್ಲುತ್ತಿತ್ತು. ಅದು ಚೆಲ್ಲದ ಹಾಗೆ ಬಟ್ಟಲನ್ನು ಹಿಡಿದುಕೊಂಡು ಪಕ್ಕದ ಮನೆಗೆ ಹೋಗುವ ಕೆಲಸ ನನ್ನದಾಗಿತ್ತು. 'ಹೆಚ್ಚು ಯಾಕೆ?' ಎಂದು ಕೇಳಿದರೆ, 'ಅವರ ಡಬ್ಬಿ ಇಷ್ಟು ದಿನ ಬರಿದಾಗಿರಲಿಲ್ಲವೇ?' ಎನ್ನುತ್ತಿದ್ದಳು. ಬೈಬಲ್ಲಿನಲ್ಲಿ ಹೀಗಿದೆ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬೈಬಲ್ಲಿನ ಅರಣ್ಯಕಾಂಡದ (ರಾಮಾಯಣದ್ದಲ್ಲ) ಐದನೆಯ ಅಧ್ಯಾಯವನ್ನು ತರಗತಿಯಲ್ಲಿ ಕಲಿಸುವಾಗ ನನಗೆ ಆ ಹಿಡಿ ಹಿಟ್ಟು ಕಣ್ಣ ಮುಂದೆ ಬಂತು. ಬೇರೆಯವರಿಗೆ ನಷ್ಟ ಮಾಡಿದವನು ತನ್ನ ಪಾಪವನ್ನು ಅರಿಕೆ ಮಾಡಿಕೊಂಡು, ಮೂಲವನ್ನು ಪೂರ್ತಿ ಕೊಟ್ಟು, ಅದರ ಮೇಲೆ ಐದರಲ್ಲಿ ಒಂದು ಪಾಲನ್ನು ಸೇರಿಸಿ, ನಷ್ಟಪಟ್ಟವನಿಗೇ ಕೊಡಬೇಕು ಎಂಬುದು ಅಲ್ಲಿನ ನಿಯಮ. ಆದರೆ ಇದನ್ನೂ ಹೇಳಬೇಕು: ನಮ್ಮ ಮನೆಯಿಂದ ಕೈಗಡ ಒಯ್ದ ದೇವಾಂಗರ ಮನೆಯಾಕೆಯೂ ಸೇರಿನ ಮೇಲೆ ಒಂದು ಹಿಡಿ ಹೆಚ್ಚೇ ಹಾಕಿ ಕಳಿಸುತ್ತಿದ್ದಳು. ಅವಳು ಅರಣ್ಯಕಾಂಡವನ್ನು ಕೇಳಿದವಳೂ ಅಲ್ಲ.

ಹಾಗಾದರೆ ನಂಬಿಕೆ ನೀತಿಗೆ ಏನನ್ನು ಸೇರಿಸುತ್ತದೆ? ನನ್ನ ತಿಳಿವಳಿಕೆಯಲ್ಲಿ, ಕ್ರೈಸ್ತ ನಂಬಿಕೆಯ ವಿಶೇಷ ಇರುವುದು ತಪ್ಪು ಮಾಡಿ ಬಿದ್ದವನ ಜೊತೆ ಅದು ನಡೆದುಕೊಳ್ಳುವ ರೀತಿಯಲ್ಲಿ. ಆ ರೀತಿಯನ್ನೇ ನಿಮ್ಮ ಸಭೆ ಅರ್ಧಕ್ಕೆ ನಿಲ್ಲಿಸಿಬಿಟ್ಟಿದೆ. ನನಗೆ ಹೆಚ್ಚು ನೋವಾಗುವುದು ಅಲ್ಲಿ.

ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಜಕ್ಕಾಯ ಬರುತ್ತಾನೆ. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆ ಆ ಊರಿನಲ್ಲೂ ಸಲ್ಲುತ್ತಿತ್ತು. ರೋಮಿನ ಹೆಸರಿನಲ್ಲಿ ಸುಂಕ ಎತ್ತುವಾಗ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕಿತ್ತುಕೊಳ್ಳುವವರು ಎಂಬ ಅಪಖ್ಯಾತಿ ಆ ಕೆಲಸದವರಿಗಿತ್ತು. ಮರ ಹತ್ತಿ ಕುಳಿತಿದ್ದ ಅವನನ್ನು ಯೇಸು ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎನ್ನುತ್ತಾನೆ. ಅವನ ಲೆಕ್ಕಪತ್ರವನ್ನು ಕೇಳುವುದಿಲ್ಲ, ಮೊದಲು ಹಣ ಕೊಟ್ಟು ಬಾ ಎನ್ನುವುದಿಲ್ಲ. ಕೃಪೆ ಎಂದರೆ ಇದು: ಕರೆ ಮೊದಲು ಬರುತ್ತದೆ. ನಿಮ್ಮ ಸಭಾಪಾಲಕರಿಗೆ ಕಥೆಯ ಈ ಭಾಗ ಚೆನ್ನಾಗಿ ಗೊತ್ತಿದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಜಕ್ಕಾಯ ನಿಂತುಕೊಂಡು, ಯಾರೂ ಕೇಳದೆಯೇ, ನನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎನ್ನುತ್ತಾನೆ. 'ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು' ಎಂಬ ಮಾತು ಬರುವುದು ಅದಾದ ಮೇಲೆ.

ಆ ನಾಲ್ಕರ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ತಾನಾಗಿ ತಪ್ಪೊಪ್ಪಿಕೊಂಡವನಿಗೆ ಧರ್ಮಶಾಸ್ತ್ರ ವಿಧಿಸಿದ್ದು ಮೂಲ ಮತ್ತು ಐದನೇ ಒಂದು ಪಾಲು ಮಾತ್ರ. ನಿಮ್ಮ ತಾಯಿಯ ಲೆಕ್ಕಕ್ಕೆ ಅದು 48,000 ರೂಪಾಯಿ. ನಾಲ್ಕರಷ್ಟು ಎಂಬುದು ಬೈಬಲ್ಲಿನ ವಿಮೋಚನಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಕುರಿಗಳ್ಳನಿಗೆ ಹೇಳಿದ ದರ: ಕದ್ದ ಕುರಿಯನ್ನು ಕೊಯ್ದಿದ್ದರೆ ಅಥವಾ ಮಾರಿದ್ದರೆ ಒಂದಕ್ಕೆ ನಾಲ್ಕು. ಆ ದರದಲ್ಲಿ 1,60,000 ರೂಪಾಯಿ. ಜಕ್ಕಾಯ ತನಗೆ ಸಿಗಬಹುದಾಗಿದ್ದ ರಿಯಾಯಿತಿಯನ್ನು ಬಿಟ್ಟು ಕಳ್ಳನ ದರವನ್ನೇ ತನ್ನ ಮೇಲೆ ಹಾಕಿಕೊಂಡ. ಸುಂಕ ವಸೂಲಿಯೆಂದು ಊರು ಬಾಯಿಮುಚ್ಚಿ ಸಹಿಸಿದ್ದನ್ನು ಅವನು ಕಳ್ಳತನವೆಂದು ತಾನೇ ಕರೆದ. ಕೃಪೆ ಒಬ್ಬ ಮನುಷ್ಯನ ಒಳಗೆ ಇಳಿದರೆ ಹೀಗೆ ಕೆಲಸ ಮಾಡುತ್ತದೆ. ಆಗ ಅವನಿಗೆ ಲೆಕ್ಕ ಕೊಡುವ ಧೈರ್ಯ ಬರುತ್ತದೆ, ಏಕೆಂದರೆ ಲೆಕ್ಕ ಕೊಟ್ಟರೆ ತಾನು ನಾಶವಾಗುತ್ತೇನೆ ಎಂಬ ಭಯ ಹೋಗಿರುತ್ತದೆ. ನಂಬಿಕೆಗೂ ನೀತಿಗೂ ಇರುವ ಸಂಬಂಧ ಏನು ಎಂದು ನೀವು ಕೇಳಿದ್ದಕ್ಕೆ ನನ್ನ ಉತ್ತರ ಈ ಕಥೆಯಲ್ಲಿದೆ.

ಕನ್ನಡದ ಬೈಬಲ್ ಅನುವಾದಗಳಲ್ಲಿ ಪಶ್ಚಾತ್ತಾಪದ ಜಾಗದಲ್ಲಿ 'ಮಾನಸಾಂತರ' ಎಂಬ ಪದ ಬರುತ್ತದೆ, 'ದೇವರ ಕಡೆಗೆ ತಿರುಗಿಕೊಳ್ಳುವುದು' ಎಂಬ ಮಾತೂ ಬರುತ್ತದೆ. ಎರಡನೆಯದು ಹೀಬ್ರೂ ಭಾಷೆಯ ಮೂಲ ಭಾವಕ್ಕೆ ಹತ್ತಿರ, ಅಲ್ಲಿನ ಪದಕ್ಕೆ ತಿರುಗು, ಮರಳು ಎಂದೇ ಅರ್ಥ. ನಮ್ಮ ಭಾಷೆಯಲ್ಲಿ ಹಿಂದಿರುಗುವುದಕ್ಕೂ ಹಿಂದಿರುಗಿಸುವುದಕ್ಕೂ ಇರುವುದು ಒಂದೇ ಧಾತು. ತಾನು ತಿರುಗಿ ಬಂದು, ತೆಗೆದುಕೊಂಡದ್ದನ್ನು ತಿರುಗಿಸದೆ ಇದ್ದವನು ಅರ್ಧ ದಾರಿ ಮಾತ್ರ ಬಂದಿದ್ದಾನೆ.

ಇದು ನನ್ನೊಬ್ಬನ ವ್ಯಾಖ್ಯಾನವಲ್ಲ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್, ಮ್ಯಾಸಿಡೋನಿಯಸ್ ಎಂಬ ಅಧಿಕಾರಿಗೆ ಬರೆದ ಪತ್ರದಲ್ಲಿ, ಕಿತ್ತುಕೊಂಡದ್ದನ್ನು ಹಿಂದಿರುಗಿಸದೆ ಪಾಪಕ್ಕೆ ಕ್ಷಮೆಯಿಲ್ಲ, ಹಿಂದಿರುಗಿಸಲು ಶಕ್ತಿಯಿದ್ದೂ ಹಿಂದಿರುಗಿಸದವನು ಪಶ್ಚಾತ್ತಾಪಪಡುತ್ತಿಲ್ಲ, ಪಶ್ಚಾತ್ತಾಪವನ್ನು ನಟಿಸುತ್ತಿದ್ದಾನೆ ಎಂದ. ಕ್ಯಾಥೊಲಿಕ್ ಸಭೆ ಪಾಪನಿವೇದನೆಯ ಸಂಸ್ಕಾರದಲ್ಲಿ ಇದನ್ನು ಉಳಿಸಿಕೊಂಡಿತು. ನಮ್ಮ ಪ್ರೊಟೆಸ್ಟೆಂಟ್ ಕಡೆ ಮಾತ್ರ ಒಂದು ಜಾರುಬಂಡೆ ಇದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮನುಷ್ಯ ನೀತಿವಂತನೆನಿಸುವುದು ಸತ್ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಮಾತ್ರ ಎಂದು ಪ್ರೊಟೆಸ್ಟೆಂಟ್ ಸುಧಾರಣೆ ಆರಂಭಿಸಿದ ಜರ್ಮನಿಯ ಮಾರ್ಟಿನ್ ಲೂಥರ್ ಸಾರಿದ. ಅವನ ಜಗಳ ಹಣ ಕೊಟ್ಟು ಪಾಪದ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಪತ್ರಗಳ ಮಾರಾಟದ ವಿರುದ್ಧವಾಗಿತ್ತು. 1517ರ ಅವನ ತೊಂಬತ್ತೈದು ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎನ್ನುತ್ತದೆ. ಒಳ್ಳೆಯ ಮರ ಒಳ್ಳೆಯ ಫಲ ಕೊಟ್ಟೇ ಕೊಡುತ್ತದೆ ಎಂಬ ನೆಚ್ಚಿಕೆ ಅವನದು. ಆದರೆ ಅವನ ಮಾತಿನ ಮೊದಲರ್ಧವನ್ನು ಹಿಡಿದುಕೊಂಡು ಎರಡನೆಯ ಅರ್ಧವನ್ನು ಬಿಟ್ಟವರು ಅಂದಿನಿಂದ ಇಂದಿನವರೆಗೆ ಇದ್ದಾರೆ. 1937ರಲ್ಲಿ ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಇದಕ್ಕೆ 'ಅಗ್ಗದ ಕೃಪೆ' ಎಂದು ಹೆಸರಿಟ್ಟರು. ಪಶ್ಚಾತ್ತಾಪವನ್ನು ಕೇಳದೆ ಕ್ಷಮೆಯನ್ನು ಸಾರುವುದು ಅಗ್ಗದ ಕೃಪೆ. ಅದು ಪಾಪಿಯನ್ನು ಬಿಟ್ಟು ಪಾಪವನ್ನೇ ಸಮರ್ಥಿಸುತ್ತದೆ ಎಂದರು. ಹಿಟ್ಲರನ ಆಡಳಿತ 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿತು. ನಂಬಿಕೆಗೆ ಬೆಲೆ ತೆತ್ತವರ ಮಾತು ಅದು.

ಲೂಥರನ್ನರೂ ಕ್ಯಾಥೊಲಿಕ್ಕರೂ ನಾಲ್ಕು ಶತಮಾನಕ್ಕೂ ಮೀರಿ ಇದೇ ವಿಷಯಕ್ಕೆ ಕಾದಾಡಿ, 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು: ರಕ್ಷಣೆ ಕೃಪೆಯಿಂದಲೇ, ಆ ಕೃಪೆ ಸತ್ಕ್ರಿಯೆಗೆ ಹಚ್ಚುತ್ತದೆ. ವಿದ್ವಾಂಸರ ಮಟ್ಟದಲ್ಲಿ ಬಹುಮಟ್ಟಿಗೆ ತೀರಿದ ಈ ವಾದ ನಮ್ಮ ಭಾನುವಾರದ ವೇದಿಕೆಗಳ ತನಕ ಇಳಿದು ಬಂದಿಲ್ಲ.

ಈಗ 'ಎಪ್ಪತ್ತು ಸಲ ಏಳು' ಎಂಬ ವಚನಕ್ಕೆ ಬರುತ್ತೇನೆ. ಇದು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ 22ನೆಯ ವಚನ. ನಿಮ್ಮ ತಾಯಿಗೆ ಅದನ್ನು ಹೇಳಿದವರು ಅದೇ ಪುಟದಲ್ಲಿ ಏಳು ವಚನ ಹಿಂದಕ್ಕೆ ಹೋಗಲಿ. ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ಅವನ ತಪ್ಪನ್ನು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗು. ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸು. ಸಭೆಯ ಮಾತನ್ನೂ ಕೇಳದಿದ್ದರೆ ಅವನನ್ನು ಹೊರಗಿನವನೆಂದು ಎಣಿಸು. ಕ್ಷಮೆಯ ಮಾತು ಬರುವುದು ಈ ಮೆಟ್ಟಿಲುಗಳಾದ ಮೇಲೆ. ಲೂಕ 17:3 ಇನ್ನೂ ಚಿಕ್ಕದಾಗಿ ಹೇಳುತ್ತದೆ: ಅವನನ್ನು ಗದರಿಸು, ತಿರುಗಿಕೊಂಡರೆ ಕ್ಷಮಿಸು. ಕ್ಷಮೆಯ ವಚನವನ್ನು ತಪ್ಪು ಮಾಡಿದವನು ನಷ್ಟಪಟ್ಟವಳಿಗೆ ಓದಿ ಹೇಳುವ ಹಕ್ಕನ್ನು ಬೈಬಲ್ ಎಲ್ಲಿಯೂ ಕೊಟ್ಟಿಲ್ಲ. ಅದು ನಷ್ಟಪಟ್ಟವರು ತಮಗೆ ತಾವೇ ಓದಿಕೊಳ್ಳಬೇಕಾದ ವಚನ.

ನಿಮ್ಮ ತಾಯಿಯ ಪರವಾಗಿ ಸಭೆ ಕ್ಷಮಿಸಲು ಬರುತ್ತದೆಯೇ? ಬರುವುದಿಲ್ಲ. ಯೇಸು ಹುಟ್ಟಿ ಬೆಳೆದ ಯೆಹೂದಿ ಪರಂಪರೆ ಇದನ್ನು ಸ್ಪಷ್ಟವಾಗಿಯೇ ಹೇಳಿದೆ: ಮನುಷ್ಯನು ದೇವರಿಗೆ ಮಾಡಿದ ತಪ್ಪನ್ನು ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನ ಅಳಿಸುತ್ತದೆ, ನೆರೆಯವನಿಗೆ ಮಾಡಿದ ತಪ್ಪನ್ನು, ಆ ನೆರೆಯವನನ್ನು ಸಮಾಧಾನಪಡಿಸುವ ತನಕ ಆ ದಿನವೂ ಅಳಿಸಲಾರದು. ಸಭಾಪಾಲಕರು ಆ ಹಿರಿಯರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು ತಪ್ಪಲ್ಲ. ಆದರೆ ಆ ಪ್ರಾರ್ಥನೆ ಮುಗಿದೊಡನೆ ಕೈಹಿಡಿದು ನಿಮ್ಮ ಮನೆಯ ಬಾಗಿಲಿಗೆ ಅವರನ್ನು ಕರೆತರಬೇಕಾಗಿತ್ತು. ಚಪ್ಪಾಳೆ ಹೊಡೆದವರಲ್ಲಿ ಯಾರ ಹಣವೂ ಹೋಗಿರಲಿಲ್ಲ ಎಂದೇ ನನ್ನ ಊಹೆ.

ನೀವು ಪೊಲೀಸರ ಬಳಿಗೋ ನ್ಯಾಯಾಲಯಕ್ಕೋ ಹೋಗುತ್ತೇನೆಂದರೆ ಇನ್ನೊಂದು ವಚನವನ್ನು ಎದುರಿಗಿಡುತ್ತಾರೆ, ಈಗಲೇ ಹೇಳಿರುತ್ತೇನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯ: ಸಹೋದರರು ನ್ಯಾಯಕ್ಕಾಗಿ ಹೊರಗಿನವರ ಮುಂದೆ ಹೋಗುವುದೇ? ಅದನ್ನು ಓದುವವರು ಐದನೆಯ ವಚನವನ್ನೂ ಓದಲಿ. ಸಹೋದರರ ವ್ಯಾಜ್ಯವನ್ನು ತೀರಿಸಬಲ್ಲ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಪೌಲ ಅಲ್ಲಿ ಕೇಳುತ್ತಾನೆ. ಅಂದರೆ ನ್ಯಾಯಾಲಯ ಬೇಡವೆನ್ನುವ ಸಭೆ ತಾನೇ ಕುಳಿತು ನ್ಯಾಯ ತೀರಿಸಬೇಕು. ಎಂಟನೆಯ ವಚನದಲ್ಲಿ ಅವನ ಸಿಟ್ಟು ತಿರುಗುವುದು, ಅನ್ಯಾಯ ಮಾಡಿ ಸಹೋದರರ ಸೊತ್ತನ್ನೇ ಅಪಹರಿಸಿದವರ ಮೇಲೆ. ದೂರು ಕೊಡುವುದು ಸೇಡಲ್ಲ. ನಿಮ್ಮ ತಾಯಿ ಮನಸ್ಸಿನಲ್ಲಿ ಆ ವ್ಯಕ್ತಿಯ ಕೇಡನ್ನು ಬಯಸದೆಯೇ ತಮ್ಮ ಹಣವನ್ನು ಕೇಳಬಹುದು. ಎರಡಕ್ಕೂ ಒಂದೇ ಎದೆಯಲ್ಲಿ ಜಾಗವಿದೆ. ಅಂದ ಹಾಗೆ ಒಪ್ಪಿಸಿದ ಹಣವನ್ನು ಸ್ವಂತಕ್ಕೆ ಬಳಸುವ ಅಪರಾಧಕ್ಕೆ ಕನ್ನಡದಲ್ಲಿ ಇರುವ ಹೆಸರು 'ನಂಬಿಕೆ ದ್ರೋಹ'. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಲ್ಲಿ ಅದಿದೆ. ಅದಕ್ಕೆ ಮುಂಚೆ ನಡೆದದ್ದಕ್ಕೆ ಹಳೆಯ ದಂಡಸಂಹಿತೆ ಅನ್ವಯಿಸುತ್ತದೆ. ನಿಮ್ಮ ಪ್ರಶ್ನೆಗೆ ಇಷ್ಟು ಹತ್ತಿರದ ಪದವನ್ನು ಯಾವ ದೇವಶಾಸ್ತ್ರಜ್ಞನೂ ಕೊಡಲಾರ.

ಕೊನೆಗೆ, ನೀವು ನೇರವಾಗಿ ಕೇಳದಿದ್ದರೂ ಪತ್ರದಲ್ಲಿರುವ ಪ್ರಶ್ನೆ: ತಾಯಿ ಕರ್ತನ ಭೋಜನವನ್ನು ಬಿಟ್ಟಿದ್ದು ಸರಿಯೇ? ಸಿಟ್ಟು ಮನಸ್ಸಿನಲ್ಲಿರುವಾಗ ರೊಟ್ಟಿ ಮುರಿಯಬಾರದು ಎಂದು ಅವರು ಹಿಂಜರಿದಿರಬೇಕು. ಬಾಸೆಲ್ ಮಿಷನ್ ಸಭೆಗಳಲ್ಲಿ ಬೆಳೆದ ಹಿರಿಯ ಹೆಂಗಸರಲ್ಲಿ ಈ ಅಂಜಿಕೆ ಆಳವಾಗಿದೆ, ನನ್ನ ಅಜ್ಜಿಯ ಶನಿವಾರಗಳೂ ಅದರಿಂದಲೇ ಬಂದವು. ಆದರೆ ಮತ್ತಾಯ 5:23–24 ಹೇಳುವುದನ್ನು ಅವರಿಗೆ ನಿಧಾನವಾಗಿ ಓದಿ ಕೇಳಿಸಿ. ಕಾಣಿಕೆ ತಂದವನಿಗೆ, ತನ್ನ ಮೇಲೆ ಸಹೋದರನದು ಏನೋ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಅವನೊಡನೆ ಒಂದಾಗಬೇಕು. ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ನಿಮ್ಮ ತಾಯಿ ತಮ್ಮ ಜಾಗದಲ್ಲೇ ಕುಳಿತಿರಬಹುದು, ಮೇಜಿನ ಬಳಿಗೆ ಹೋಗಬಹುದು. ಅವರು ಒಂದೂವರೆ ವರ್ಷ ಆ ಮೇಜಿನಿಂದ ದೂರ ಇದ್ದಾರೆ, ಆ ಹಿರಿಯರು ಇನ್ನೂ ರೊಟ್ಟಿಯ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದಾರೆಂದರೆ ಆ ಸಭೆಯಲ್ಲಿ ಯಾರೋ ವಚನವನ್ನು ತಿರುವುಮುರುವಾಗಿ ಓದಿದ್ದಾರೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಸಭೆಯ ಆಡಳಿತ ಸಮಿತಿಗೆ ತಾಯಿಯ ಹೆಸರಿನಲ್ಲಿ ಒಂದು ಪುಟದ ಪತ್ರ ಬರೆಯಿರಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಷ್ಟು ಕಟ್ಟಿದ್ದಾರೆ, ಆ ಹಿರಿಯರು ಎಲ್ಲರ ಮುಂದೆ ಒಪ್ಪಿಕೊಂಡ ಭಾನುವಾರ ಯಾವುದು, ಎಷ್ಟು ದಿನದೊಳಗೆ ಹಣ ಬರಬೇಕು, ಇವಿಷ್ಟೇ ಇರಲಿ. ಬೈಗುಳ ಬೇಡ, ವಚನವೂ ಬೇಡ. ಒಂದೇ ಸಲ ಕೊಡಲಾರೆ ಎಂದರೆ ತಿಂಗಳ ಕಂತುಗಳಿಗೆ ಒಪ್ಪಿಕೊಳ್ಳಿ, ಅಗಸ್ಟೀನನೂ ಶಕ್ತಿ ಇದ್ದವನ ವಿಷಯವನ್ನೇ ಹೇಳಿದ್ದು. ಆದರೆ ಕಂತು ಕಾಗದದ ಮೇಲೆ ಬರಲಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಗುಂಪಿನ ಬೇರೆ ಹೆಂಗಸರ ಹಣವೂ ಹೋಗಿದ್ದರೆ ಅವರೂ ಸಹಿ ಹಾಕಲಿ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ, ಅದರಲ್ಲಿ ಅರ್ಧ ಆಗಲೇ ಕಳೆದಿರಬಹುದು. ಆ ಎಣಿಕೆ ಯಾವ ದಿನದಿಂದ ಎಂಬುದನ್ನು ಈ ತಿಂಗಳಲ್ಲೇ ಒಬ್ಬ ವಕೀಲರನ್ನು ಕೇಳಿ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ತಾಯಿಯ ಉಳಿತಾಯದ ಪುಸ್ತಕದ ನಕಲನ್ನು ಜೊತೆಗಿರಿಸಿ, ಮೂಲ ಪುಸ್ತಕವನ್ನು ಮಾತ್ರ ಯಾರು ಕೇಳಿದರೂ ಕೈಬಿಡಬೇಡಿ.